ಎರಡು ಗುಡ್ಡ, ಒಂದು ಸೂರ್ಯ

ಡ್ರಾಯಿಂಗ್ ಮೇಷ್ಟ್ರ ಪಾಡು ಉಳಿದ ಮೇಷ್ಟ್ರುಗಳ ಪಾಡಿನಂತಲ್ಲ. ಲೆಕ್ಕದ ಮೇಷ್ಟ್ರಿಗೆ ಹುಡುಗರು ಹೆದರುತ್ತಾರೆ. ಕನ್ನಡ ಪಂಡಿತರಿಗೆ ಕೈಮುಗಿಯುತ್ತಾರೆ. ನಮ್ಮನ್ನು ಕಂಡರೆ ನಗುತ್ತಾರೆ. ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಪೀರಿಯಡ್ಡನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಇಷ್ಟು ಮರ್ಯಾದೆಯನ್ನು ಹೊತ್ತು ನಾನು ಬೆಂಗಳೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಸವೆಸಿದೆ.

ಆ ಅವಧಿಯಲ್ಲಿ ನಾನು ಕಂಡ ಗುಡ್ಡಗಳಿಗೆ ಲೆಕ್ಕವಿಲ್ಲ. ‘ಪ್ರಕೃತಿ ದೃಶ್ಯ ಬರೆಯಿರಿ’ ಎಂದು ಹೇಳಿ ಕುರ್ಚಿಯಲ್ಲಿ ಕುಳಿತರೆ ಸಾಕು, ನಲವತ್ತು ಹಾಳೆಗಳ ಮೇಲೆ ಎಂಬತ್ತು ಗುಡ್ಡಗಳು ಎದ್ದು ನಿಲ್ಲುತ್ತಿದ್ದವು. ಎರಡು ತ್ರಿಕೋನ; ನಡುವೆ ಅರ್ಧ ಸೂರ್ಯ, ಅವನಿಗೆ ಪೊರಕೆ ಕಡ್ಡಿಯಂಥ ಕಿರಣ; ಕೆಳಗೊಂದು ಹೊಳೆ, ದಡದಲ್ಲಿ ಹೆಂಚಿನ ಮನೆ, ಮನೆಗೊಂದು ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಬರೆದವರಲ್ಲಿ ಮುಕ್ಕಾಲು ಪಾಲು ಹೊಳೆಯನ್ನೇ ಕಂಡವರಲ್ಲ. ಅಣ್ಣನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಯ ಪುಟ್ಟನಿಗೆ, ಮಗ್ಗಿಯ ಹಾಗೆ ಬಾಯಿಪಾಠವಾಗಿ ಬಂದ ಗುಡ್ಡಗಳವು. ಹೇಗಾದರೂ ಮಾಡಿ ಅವನ್ನು ಕೆಡವಬೇಕೆಂದು ಒಂದು ವರ್ಷ ನಾನು ಹಟ ತೊಟ್ಟೆ.

ನಾಲ್ಕನೆಯ ತರಗತಿಯ ಮಕ್ಕಳಿಗೆಲ್ಲ ಅಂಗೈಯಗಲದ ರಟ್ಟಿನಲ್ಲಿ ಚೌಕ ಕಿಂಡಿ ಕತ್ತರಿಸಿ ಕೊಟ್ಟು ಶಾಲೆಯ ತಾರಸಿಗೆ ಕರೆದೊಯ್ದೆ. ಒಂದು ಕಣ್ಣು ಮುಚ್ಚಿ ಇದರೊಳಗಿಂದ ನೋಡಿ, ಕಿಂಡಿಯ ಅಂಚೇ ನಿಮ್ಮ ಹಾಳೆಯ ಅಂಚು ಎಂದೆ. ದೂರದ ಮರ ಹಸಿರಲ್ಲ, ನೀಲಿ ಬೆರೆತ ಬೂದು ಎಂದು ತೋರಿಸಿದೆ. ಆಕಾಶವನ್ನು ಹಾಳೆಯ ನೆತ್ತಿಯಲ್ಲೊಂದು ನೀಲಿ ಪಟ್ಟಿ ಎಳೆದು ಬಿಟ್ಟುಬಿಡುತ್ತೀರಲ್ಲ, ಅದು ನೆಲದವರೆಗೂ ಇಳಿದಿಲ್ಲವೇ ಎಂದು ಕೇಳಿದೆ. ಒಬ್ಬ ಹುಡುಗ ತಲೆ ಕೆರೆದುಕೊಂಡು, “ಹಾಗಾದರೆ ನಾವೆಲ್ಲ ಆಕಾಶದೊಳಗೇ ಓಡಾಡ್ತಿದೀವಾ ಸಾರ್?” ಎಂದ. ಗಂಟೆ ಹೊಡೆದು ನನ್ನ ಮಾನ ಉಳಿಸಿತು. ಮಕ್ಕಳ ಚಿತ್ರಗಳ ಬಗ್ಗೆ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಬರೆದ ಪುಸ್ತಕ ಆಮೇಲೆ ನನ್ನ ಕೈಗೆ ಸಿಕ್ಕಿತು. ಏಳರಿಂದ ಒಂಬತ್ತರ ವಯಸ್ಸಿನಲ್ಲಿ ನೆಲಕ್ಕೊಂದು ಗೆರೆ, ಆಕಾಶಕ್ಕೊಂದು ಪಟ್ಟಿ ಸಹಜ. ನಡುವೆ ಉಳಿಯುವ ಬಿಳಿ ಮಗುವಿನ ಪಾಲಿಗೆ ಗಾಳಿ. ಅದು ತಪ್ಪಲ್ಲ, ಜಗತ್ತನ್ನು ಜೋಡಿಸಿಕೊಳ್ಳುವ ಬಗೆ ಎಂಬುದು ಅದರ ಸಾರ. ಹುಡುಗ ಓದದೆಯೇ ಬಲ್ಲವನಾಗಿದ್ದ.

ಆ ಶನಿವಾರ ಮಕ್ಕಳಿಗೆ ಮನೆಗೆಲಸ ಕೊಟ್ಟೆ: ‘ನಿಮ್ಮ ಮನೆಯ ಕಿಟಕಿಯಿಂದ ಕಾಣುವುದನ್ನು ಬರೆದು ತನ್ನಿ.’ ಸೋಮವಾರ ನೀರಿನ ಟ್ಯಾಂಕುಗಳು ಬಂದವು, ಒಣಗಹಾಕಿದ ಬಟ್ಟೆ ಬಂತು, ಲೈಟುಕಂಬವೂ ಕಾಗೆಯೂ ಬಂದವು. ನನಗೆ ಆನಂದವೋ ಆನಂದ. ಹಿಂದಿನ ಬೆಂಚಿನ, ಹೆಚ್ಚು ಮಾತಿಲ್ಲದ ಹುಡುಗಿಯೊಬ್ಬಳು ಮಾತ್ರ ಹಾಳೆಯ ತುಂಬ ಬೂದುಬಣ್ಣ ಬಳಿದು ತಂದಿದ್ದಳು.

“ಏನಮ್ಮಾ ಇದು?”

“ಗೋಡೆ ಸಾರ್.”

ತರಗತಿ ನಕ್ಕಿತು. ನಾನೂ ನಕ್ಕೆ. “ಗೋಡೆ ಎಲ್ಲಾದರೂ ಪ್ರಕೃತಿ ದೃಶ್ಯ ಆಗುತ್ತೇನಮ್ಮಾ? ಬೇರೆ ಬರೆದುಕೊಂಡು ಬಾ” ಎಂದೆ. ಅವಳು ಹಾಳೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಹೋಗಿ ಕುಳಿತಳು.

ಮುಂದಿನ ವಾರ ತಂದುಕೊಟ್ಟಳು: ಎರಡು ಗುಡ್ಡ, ಒಂದು ಸೂರ್ಯ. ಅವಸರದಲ್ಲಿದ್ದ ನಾನು ಹತ್ತಕ್ಕೆ ಏಳು ಹಾಕಿ ಮಗುಚಿಟ್ಟೆ. ಮಗುಚಿದಾಗ ಕಂಡದ್ದು ಆ ಗೋಡೆ. ಹೊಸ ಹಾಳೆ ಇರಲಿಲ್ಲವೋ ಏನೋ, ಹಿಂಬದಿಯಲ್ಲೇ ಬರೆದಿದ್ದಳು. ಆ ಮಧ್ಯಾಹ್ನ ಅದನ್ನು ಮೊದಲ ಬಾರಿಗೆ ನೋಡಿದೆ. ಬೂದು ಒಂದೇ ಬೂದಾಗಿರಲಿಲ್ಲ. ನೀರಿಳಿದ ಕಡೆ ಹಸಿರು ಪಾಚಿ, ಗಾರೆ ಉದುರಿದ ಕಡೆ ಇಟ್ಟಿಗೆಯ ಕೆಂಪು. ಕೊಳವೆಯ ಸಂದಿನಲ್ಲಿ ಎರಡೆಲೆಯ ಅರಳಿ ಸಸಿ. ಮೇಲಿನ ಮೂಲೆಯಲ್ಲಿ ಉಗುರಿನಷ್ಟು ನೀಲಿ. ಆ ಮನೆಯವರಿಗೆ ಸಿಕ್ಕ ಆಕಾಶ ಅಷ್ಟೇ. ನನ್ನ ರಟ್ಟಿನ ಕಿಂಡಿಯ ಪಾಠವನ್ನು ನಲವತ್ತು ಮಕ್ಕಳಲ್ಲಿ ಅಕ್ಷರಶಃ ಪಾಲಿಸಿದವಳು ಅವಳು. ಕಿಟಕಿಯಿಂದ ಕಾಣುವುದನ್ನು ಬರೆ ಎಂದರೆ ಕಂಡದ್ದನ್ನೇ ಬರೆದಿದ್ದಳು. ಗುಡ್ಡ ಕೆಡವಲು ಹೊರಟ ನಾನೇ ಅವಳ ಕೈಯಲ್ಲಿ ಗುಡ್ಡ ಬರೆಸಿದ್ದೆ.

ಮರುದಿನ ಕರೆದು, “ನಾನು ನಕ್ಕದ್ದು ತಪ್ಪಾಯಿತಮ್ಮಾ, ಗೋಡೆಯ ಚಿತ್ರವೇ ಚೆನ್ನಾಗಿದೆ. ಅಂಥದೇ ಇನ್ನೊಂದು ಬರೆದುಕೊಡುತ್ತೀಯಾ?” ಎಂದೆ. ಅವಳು ನೆಲ ನೋಡುತ್ತ, “ಗುಡ್ಡಕ್ಕೆ ಏಳು ಕೊಟ್ಟಿದೀರಲ್ಲ, ಸಾಕು ಸಾರ್” ಎಂದಳು. ವರ್ಷ ಮುಗಿಯುವವರೆಗೂ ಗುಡ್ಡವನ್ನೇ ಬರೆದಳು. ಮಕ್ಕಳ ಕಣ್ಣು ತೆರೆಸಲು ಬೇಕಾಗುವ ಕಾಲ ಎಷ್ಟೋ ತಿಳಿಯದು. ಮುಚ್ಚಿಸಲು ಒಂದು ನಗು ಸಾಕು.

ಮುಂದಿನ ವರ್ಷಗಳಲ್ಲಿ ನಾನು ತರಗತಿಗೆ ಇಬ್ಬರ ಕಥೆ ಹೇಳುತ್ತಿದ್ದೆ. ಊಟಿ, ಕೊಡೈಕೆನಾಲ್‌ಗಳ ಬೆಟ್ಟವನ್ನೂ ಮಂಜನ್ನೂ ಕಣ್ಣಾರೆ ಕಂಡು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪನವರು ಒಬ್ಬರು, ಇದೇ ಬೆಂಗಳೂರಿನ ಹೂಬಿಟ್ಟ ಸಾಲುಮರಗಳನ್ನು ಬಣ್ಣದಲ್ಲಿ ತುಂಬಿಟ್ಟ ರುಮಾಲೆ ಚೆನ್ನಬಸವಯ್ಯನವರು ಇನ್ನೊಬ್ಬರು. ಅವರಿಗೆ ಬೆಟ್ಟ ಎದುರಿಗಿತ್ತು, ಬೆಟ್ಟ ಬರೆದರು. ಇವರಿಗೆ ಬೀದಿ ಎದುರಿಗಿತ್ತು, ಬೀದಿ ಬರೆದರು. ನಿಮಗೆ ಎದುರಿಗೇನಿದೆ ಎನ್ನುತ್ತಿದ್ದೆ. ಗೋಡೆ ಎಂದು ಯಾರಾದರೂ ಹೇಳಿಯಾರೇ ಎಂದು ಕಾಯುತ್ತಿದ್ದೆ.

ಆ ಹಾಳೆಯನ್ನು ಅವಳಿಂದ ಕೇಳಿ ಇಟ್ಟುಕೊಂಡಿದ್ದೆ. ನಿವೃತ್ತನಾದ ಮೇಲೆ ಕಟ್ಟು ಹಾಕಿಸಲು ಒಯ್ದೆ. ಅಂಗಡಿಯಾತ ಎರಡು ಬದಿಯನ್ನೂ ತಿರುವಿ ನೋಡಿ, “ಯಾವ ಕಡೆ ಹೊರಕ್ಕೆ ಬರಬೇಕು ಸಾರ್? ಗುಡ್ಡದ ಕಡೆ ತಾನೇ?” ಎಂದ.

“ಅಲ್ಲಪ್ಪ, ಗೋಡೆಯ ಕಡೆ.”

ಅವನು ನಕ್ಕುಬಿಟ್ಟ. ನನಗೇನೂ ಕೋಪ ಬರಲಿಲ್ಲ.