ಮನೆ ಕೊಳ್ಳೋ ಮುಂಚೆ ಮೀಟರ್ ನೋಡಿ

ಬೆಂಗಳೂರಲ್ಲಿ ಮನೆ ಕೊಳ್ಳೋರು ವಾಸ್ತು ನೋಡ್ತಾರೆ, ಖಾತಾ ನೋಡ್ತಾರೆ. ಗೇಟಿನ ಪಕ್ಕದ ನೀರಿನ ಮೀಟರಿನ ಮುಚ್ಚಳ ಎತ್ತಿ ನೋಡೋರು ಕಡಿಮೆ. ದಯವಿಟ್ಟು ನೋಡಿ.

ಕಾವೇರಿ ನೀರು ಬರೋ ಹೊತ್ತಿಗೆ ಹೋಗಿ. ಸಂಪಿನ ವಾಲ್ವ್, ನೇರ ಲೈನಿನ ನಲ್ಲಿ ಎರಡೂ ಮುಚ್ಚಿಸಿ, ಮೀಟರಿನ ಗಾಜು ಒರೆಸಿ. ಆಗಲೂ ಒಳಗಿನ ಪುಟ್ಟ ಚಕ್ರ ತಿರುಗ್ತಾ ಇದ್ರೆ, ಮೀಟರಿಗೂ ಸಂಪಿಗೂ ನಡುವೆ ಎಲ್ಲೋ ಪೈಪು ಸೋರ್ತಿದೆ.

ಹಳೇ ಬಿಲ್ ಕೇಳಿ. ಆರ್‌ಆರ್ ನಂಬರ್, ರೀಡಿಂಗ್ ತಾಳೆ ನೋಡಿ. ಬಾಕಿ ಇದ್ರೆ ರಿಜಿಸ್ಟ್ರೇಷನ್‌ಗೆ ಮುಂಚೆಯೇ ಕಟ್ಟಿಸಿ, ಆಮೇಲೆ ಹೆಸರು ಬದಲಾಯಿಸಿಕೊಳ್ಳಿ.

ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಮೇಲಕ್ಕೆ ಹತ್ತಿಸಿ ತಂದ ನೀರದು. ನಮ್ಮ ಗೇಟಿನ ತನಕ ಬಂದು ಮಣ್ಣುಪಾಲಾಗಬಾರದು.