ಕಾಳಿನ ರಾಶಿಗೆ ಮನುಷ್ಯ ಇಳಿಯದಿರಲಿ

ಕಂಪ್ಲಿ, ಹೊಸಪೇಟೆಯಲ್ಲಿ ತುಂಗಭದ್ರೆಯ ನೀರಿಗೆ ಭತ್ತ. ಸಂಡೂರಿನ ಮಳೆ ನಂಬಿದ ಹೊಲಗಳಲ್ಲಿ ಜೋಳ, ಮೆಕ್ಕೆಜೋಳ. ಬೆಳೆಯುವ ಕಷ್ಟದ ಬಗ್ಗೆ ಎಷ್ಟೋ ಮಾತಾಡುತ್ತೇವೆ, ಕೂಡಿಡುವ ಅಪಾಯದ ಬಗ್ಗೆ ಆಡುವುದಿಲ್ಲ. 2023ರ ಡಿಸೆಂಬರ್ 4ರಂದು ವಿಜಯಪುರದ ಆಹಾರ ಸಂಸ್ಕರಣಾ ಘಟಕವೊಂದರಲ್ಲಿ ಮೆಕ್ಕೆಜೋಳದಡಿ ಸಿಲುಕಿ 7 ಕಾರ್ಮಿಕರು ಸತ್ತರು, ಬಿಹಾರದಿಂದ ದುಡಿಯಲು ಬಂದವರು. ನೆಲದಡಿ ಕಾಳು ಕೂಡಿಡುವ ನಮ್ಮ ಹಗೇವುಗಳ ಅಪಾಯ ಬೇರೆ ಬಗೆಯದು: ಮುಚ್ಚಿಟ್ಟ ಕಾಳು ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಅದಕ್ಕೇ ಹಿರಿಯರು ಬಾಯಿ ತೆರೆದು, ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯುತ್ತಿದ್ದರು. ಸಡಿಲ ಕಾಳು ತುಂಬುವ ಎತ್ತರದ ಕಣಜವಾದ ಸೈಲೋದಲ್ಲಿ ಅಷ್ಟು ಸಾಲದು. ತೇವದಿಂದ ಮೇಲ್ಪದರ ಹೆಪ್ಪುಗಟ್ಟಿ ಕೆಳಗೆ ಪೊಳ್ಳಾಗಿರುತ್ತದೆ. ಅದನ್ನು ಒಡೆಯಲು ಕಾಲಿಟ್ಟವನನ್ನು ಹರಿಯುವ ಕಾಳು ಕ್ಷಣಗಳಲ್ಲಿ ಒಳಗೆಳೆಯುತ್ತದೆ.

ಅಮೆರಿಕದ ನೆಬ್ರಾಸ್ಕದಲ್ಲಿ ರೂಪುಗೊಂಡ ‘ಗ್ರೇನ್ ವೀವಿಲ್’ ಎಂಬ ಪುಟ್ಟ ರೋಬೊ ಈ ಕೆಲಸಕ್ಕೆಂದೇ ಇದೆ. ತಿರುಪಿನಂಥ ಉರುಳೆಗಳಿಂದ ಕಾಳಿನ ಮೇಲೆ ಓಡಾಡಿ ಹೆಪ್ಪು ಒಡೆಯುತ್ತದೆ, ರಾಶಿ ಸಮ ಮಾಡುತ್ತದೆ. ಆಳು ಹೊರಗೇ ಇರುತ್ತಾನೆ. ನಮ್ಮ ರೈತನಿಗೆ ಇದು ದುಬಾರಿಯಲ್ಲವೇ? ಹೌದು, ಚೀಲದಲ್ಲಿ ಭತ್ತ ಇಡುವವನಿಗೆ ಬೇಕಾಗಿಯೂ ಇಲ್ಲ. ಬೇಕಿರುವುದು ಸಡಿಲ ಕಾಳನ್ನು ರಾಶಿಗಟ್ಟಲೆ ತುಂಬುವ ಘಟಕಗಳಿಗೆ. ನಾಲ್ಕಾರು ಸೇರಿ ಒಂದನ್ನು ಕೊಳ್ಳಬಹುದು. ಹಮಾಲರ ಕೂಲಿ ಹೋಗುತ್ತದೆಂಬ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಹೊರುವ, ತೂಗುವ ಕೆಲಸ ಉಳಿದೇ ಇರುತ್ತದೆ; ಹೋಗುವುದು ಉಸಿರುಗಟ್ಟುವ ಒಂದು ಕೆಲಸ ಮಾತ್ರ. ರೋಬೊ ಬರುವ ತನಕ ಘಟಕದ ಮಾಲೀಕರು ಇಷ್ಟಾದರೂ ಮಾಡಲಿ: ಕೆಳಗಿನ ಬಾಯಿ ಬಂದ್ ಮಾಡದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಹೊರಗೊಬ್ಬ ಕಾವಲಿಲ್ಲದೆ ಯಾರನ್ನೂ ಒಳಗಿಳಿಸದಿರಲಿ.