ಹೊಂಡಕ್ಕ ಬಿಡೋ ಮೀನುಮರಿ: ಹ್ಯಾಚರಿದೋ, ಹೊಳಿದೋ?



ಹುನಗುಂದ, ಇಳಕಲ್ಲ ಭಾಗದಾಗ ಕೃಷಿ ಹೊಂಡ ತುಂಬ್ಯಾವ. ಹೊಂಡ ತುಂಬಿದ ವಾರದಾಗ ಟೆಂಪೋದಾಗ ನೀಲಿ ಡ್ರಮ್ಮು ಇಟ್ಕೊಂಡು ಮೀನುಮರಿ ಮಾರೋರು ಬರೋದು ರೂಢಿ. "ಕಾಟ್ಲಾ, ರೋಹು ಅದಾವ, ರೂಪಾಯಿಗೊಂದು" ಅಂತಾರ. ತಗೊಳ್ಳೂನೋ ಬ್ಯಾಡೋ ಅಂತ ನಾಕೈದು ಮಂದಿ ಫೋನ್ ಮಾಡಿ ಕೇಳಿದ್ರು. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರೀತೀನಿ.

ಹ್ವಾದ ವರ್ಷ ನಮ್ಮ ಬೀಗರ ಪೈಕಿ ಒಬ್ಬ ಹೆಣ್ಣಮಗಳು ಸಂಘದಾಗ ಸಾಲ ತಗೊಂಡು 400 ಮರಿ ಬಿಟ್ಟಳು. ಮಗಳ ಕಾಲೇಜ್ ಫೀ ಇದರಾಗ ತೆಗಿಬೇಕು ಅಂತ ಲೆಕ್ಕ. ದಿನಾ ಹಿಂಡಿ, ತೌಡು ಹಾಕಿದಳು. ಸಂಕ್ರಮಣದ ಹೊತ್ತಿಗೆ ಬಲಿ ಹಾಕಿದಾಗ ಸಿಕ್ಕಿದ್ದು 62 ಗೆಂಡೆ ಜಾತಿ ಮೀನು, 9 ಬಾಳೆ ಮೀನು. ಬಾಳೆ ಒಂದೊಂದು ಮೊಣಕೈಯುದ್ದ. ಉಳಿದ ಮುನ್ನೂರು ಚಿಲ್ಲರೆ ಎಲ್ಲಿ ಹ್ವಾದವು ಅಂತ ಬ್ಯಾರೆ ಹೇಳಬೇಕಾಗಿಲ್ಲ. ಮಾರಿದ ದುಡ್ಡು ಹಿಂಡಿ ಖರ್ಚಿಗೂ ಸಾಲಲಿಲ್ಲ. ಮರಿ ಕೊಟ್ಟಾಂವ ಫೋನ್ ಎತ್ತಲಿಲ್ಲ. ಆ ಡ್ರಮ್ಮಿನಾಗಿದ್ದದ್ದು ಹೊಳಿಯೊಳಗ ಬಲಿ ಎಳೆದು ಹಿಡಿದ ಮರಿ. ಹೊಳಿ ಮರಿ ಅಂದ ಮ್ಯಾಲೆ ಅದರಾಗ ಬಾಳೆ, ಮುರುಗೋಡು, ಕೊರವ ಎಲ್ಲಾ ಕಲತಿರತಾವ.

ಇದು ಹಳೇ ರಗಳೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಸೀಮಿಯ ಮೀನು. ನಿಂತ ನೀರಿನಾಗ ಇವು ಬೆಳೀತಾವ, ಆದ್ರ ಮರಿ ಹಾಕಂಗಿಲ್ಲ. ಮೊಟ್ಟಿ ಇಡಬೇಕಂದ್ರ ಮಳಿಗಾಲದ ಹರಿಯೋ ನೀರು ಬೇಕು. ಹಂಗಾಗಿ ಮೊದಲಿಗೆ ಎಲ್ಲಾ ಮರಿ ಹೊಳಿಯಿಂದನ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ಕ್ಕ ಒಡಿಶಾದ ಅಂಗುಲ್‌ನಾಗ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ, ಅವರ ಜೋಡಿ ಅಲಿಕುಞ್ಞಿ, ಮೀನಿನ ತಲಿಯೊಳಗಿನ ಪಿಟ್ಯೂಟರಿ ಗ್ರಂಥಿಯ ರಸ ತೆಗೆದು ಇನ್ನೊಂದು ಮೀನಿಗೆ ಚುಚ್ಚಿ, ಕೆರಿ ಮೀನಿನಿಂದ ಮೊಟ್ಟಿ ಇಡಿಸಿದರು. ಅದಕ್ಕ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ಇವತ್ತು ಹ್ಯಾಚರಿಯವರು ತಯಾರಾಗಿ ಬರೋ ಹಾರ್ಮೋನ್ ಚುಚ್ಚಿ, ದುಂಡನ ತೊಟ್ಟಿಯೊಳಗ ನೀರು ತಿರುಗಿಸಿ, ಹೊಳಿ ಹರದಂಗ ಮಾಡ್ತಾರ. ಮೊಟ್ಟಿ ಒಂದ ದಿನದೊಳಗ ಒಡೀತದ.

ಈ ಕೆಲಸದಾಗ ಗುರುತು ಹಿಡಿಯೋ ದಾರಿ ಅದ. ಒಂದು ತೊಟ್ಟಿಯ ಮರಿ ಎಲ್ಲಾ ಒಂದ ದಿನ ಹುಟ್ಟಿದ್ದು, ಒಂದ ತಿಂದು ಬೆಳೆದದ್ದು. ಹೊಳಿ ಮರಿ ಹತ್ತು ತಾಯಿದು, ಹತ್ತು ದಿನದ್ದು.

ನಾ ನೋಡೋದು ಹಿಂಗ:

1. ಡ್ರಮ್ಮಿನಾಗ ಇಣುಕಬ್ಯಾಡ್ರಿ. ಬಿಳೇ ಪ್ಲಾಸ್ಟಿಕ್ ಬುಟ್ಟಿಯೊಳಗ ನೂರು ಮರಿ ಸುರಿಸ್ರಿ. ಹ್ಯಾಚರಿದು ಹೆಚ್ಚುಕಮ್ಮಿ ಒಂದ ಅಳತಿ. ಜ್ವಾಳದ ಕಾಳಿನಷ್ಟು, ಬೆರಳಿನಷ್ಟು ಎರಡೂ ಕೂಡಿದ್ರ ಸಂಶಯ ಪಡ್ರಿ.

2. ಜಾತಿ ನೋಡ್ರಿ. ಕಾಟ್ಲಾಕ್ಕ ತಲಿ ದೊಡ್ಡದು, ಬಾಯಿ ಮ್ಯಾಲಕ್ಕ ತಿರುಗಿರತದ. ಮೃಗಾಲ್ ಸಣಕಲು, ಬಾಲದ ಬುಡಕ್ಕ ಕರೀ ಚುಕ್ಕಿ. ಮೈಮ್ಯಾಲೆ ಪರಪರಿ ಇಲ್ಲದ, ಉದ್ದನ ಮೀಸಿ ಇರೋ ಮರಿ ಒಂದು ಕಂಡ್ರೂ ಆ ಡ್ರಮ್ಮು ಬ್ಯಾಡ. ಹಾವಿನ ತಲಿಯಂಥ ತಲಿ ಇದ್ರ ಅದು ಕೊರವ.

3. ಚಿಟಿಕಿ ಶೇಂಗಾ ಹಿಂಡಿ ಪುಡಿ ಉದುರಿಸ್ರಿ. ತೊಟ್ಟಿಯಾಗ ಬೆಳೆದದ್ದು ಸ್ವಲ್ಪ ಹೊತ್ತಿಗೆ ಮ್ಯಾಲ ಬಂದು ಮೂಸತಾವ. ಹೊಳಿದು ತಳಕ್ಕ ಹೋಗಿ ಮೂಲಿ ಹಿಡಿತಾವ.

4. ಮೈ ನೋಡ್ರಿ. ಎಳೆಬಲಿಯೊಳಗ ಹಿಡಿದದ್ದಕ್ಕ ಪರಪರಿ ಕಿತ್ತಿರತದ, ರೆಕ್ಕಿ ಹರಿದಿರತದ.

5. ಕೈಯಿಂದ ನೀರು ಗರಗರ ತಿರುವ್ರಿ. ಗಟ್ಟಿ ಮರಿ ಸುಳಿಗೆ ಎದುರು ಈಸತಾವ, ಸೋತದ್ದು ನಡುವ ಬಂದು ಕೂಡತಾವ. ಇದು ಆರೋಗ್ಯದ ಪರೀಕ್ಷಾ, ಹುಟ್ಟಿದ ಜಾಗದ್ದಲ್ಲ. ಎರಡೂ ಕಲಸಬ್ಯಾಡ್ರಿ.

ಇದರಾಗ ಯಾವುದೂ ಒಂದರಿಂದಲೇ ತೀರ್ಮಾನ ಆಗಂಗಿಲ್ಲ. ಎರಡು ಮೂರು ತೊಟ್ಟಿ ಕೂಡಿಸಿದ್ರ ಹ್ಯಾಚರಿ ಮರಿನೂ ಸಣ್ಣದು ದೊಡ್ಡದು ಕಾಣತಾವ. ನಾಕು ದಿನ ಹಿಂಡಿ ತಿನ್ನಿಸಿ ತಂದ್ರ ಹೊಳಿ ಮರಿನೂ ಮ್ಯಾಲ ಬರತಾವ. ಸಾಗಾಟದಾಗ ಹ್ಯಾಚರಿ ಮರಿಯ ರೆಕ್ಕಿನೂ ಹರೀತದ. ಇಳಕಲ್ಲದಾಗ ಸೀರಿ ತಗೊಳ್ಳೋ ಹೆಣ್ಣಮಕ್ಕಳು ಬಣ್ಣ ನೋಡಿ ಕೈಮಗ್ಗ ಅನ್ನಂಗಿಲ್ಲ. ತಿರುವಿ ಹಾಕಿ, ಸೆರಗು ಒಡಲು ಕೂಡೋ ಕಡೆ ಕೊಂಡಿ ನೋಡ್ತಾರ, ಅಂಗಡಿಯಾಂವನ್ನೂ ನಾಕು ಮಾತು ಕೇಳ್ತಾರ. ಇಲ್ಲೂ ಹಂಗ. ಯಾವ ಹ್ಯಾಚರಿ, ಮೊಟ್ಟಿ ಒಡೆದು ಎಷ್ಟು ದಿನ, ಬಿಲ್ ಅದನೋ ಇಲ್ಲೋ ಕೇಳ್ರಿ. ಒಂದಿಂಚಿನ ಮರಿ ಆಗಾಕ ಹದಿನೈದಿಪ್ಪತ್ತು ದಿನ ಬೇಕು, ಬೆರಳುದ್ದ ಆಗಾಕ ಎರಡು ಮೂರು ತಿಂಗಳು. ಜುಲೈ ಶುರುವಿನಾಗ ಬೆರಳುದ್ದದ್ದು ಕೊಟ್ಟು "ಈ ಮಳಿಗಾಲದ್ದ" ಅಂದ್ರ ಲೆಕ್ಕ ಕೂಡಂಗಿಲ್ಲ. "ಹ್ವಾದ ವರ್ಷದ್ದು, ಒತ್ತಾಗಿ ಇಟ್ಟು ಬೆಳಿಸದ ಹಿಡಿದದ್ದು" ಅಂದ್ರ ಅದು ಖರೇ ಇರಬಹುದು, ಮತ್ತ ಅಂಥ ಮರಿ ಹೊಂಡಕ್ಕ ಬಿದ್ದ ಮ್ಯಾಲೆ ಜೋರು ಬೆಳೀತಾವ.

ನಮ್ಮ ಅಣ್ಣನ ಮಗ ಬೆಂಗಳೂರಾಗ ಗಾಜಿನ ತೊಟ್ಟಿಯಾಗ ಕ್ಲೌನ್ ಫಿಶ್ ಸಾಕ್ಯಾನ. ಕಿತ್ತಳಿ ಮೈ, ಬಿಳೇ ಪಟ್ಟಿ. ಅದೂ ಸಮುದ್ರದಾಗ ಹಿಡಿದದ್ದೋ, ತೊಟ್ಟಿಯಾಗ ಹುಟ್ಟಿದ್ದೋ ಅಂತ ಅಲ್ಲೂ ಇದ ಚರ್ಚಾ. ತೊಟ್ಟಿಯಾಗ ಹುಟ್ಟಿದ್ದು ಒಣ ಆಹಾರ ಲಗೂನ ತಿಂತದ, ಕೆಲವಕ್ಕ ಪಟ್ಟಿ ಅರ್ಧಕ್ಕ ತುಂಡಾಗಿರತಾವ. ಮಂಡಪಂನ ಕೇಂದ್ರೀಯ ಸಮುದ್ರ ಮೀನು ಸಂಶೋಧನಾ ಸಂಸ್ಥೆಯವರು ಅದನ್ನ ಮರಿ ಮಾಡೋದು ಕಲಿಸ್ಯಾರ. ಆದ್ರ ಅವಂಗ ಮೀನು ಬದುಕಿದ್ರ ಸಾಕು. ನಮಗ ಅದು ಸಾಲದ ಕಂತು.

ಇನ್ನೊಂದು ಮಾತು ಹೇಳದ ಮುಗಿಸಂಗಿಲ್ಲ. ಹೊಳಿ ಮರಿ ಅಗ್ಗ ಸಿಗತದ ಅಂತ ನಾವು ತಗೊಂಡಷ್ಟೂ ಮಲಪ್ರಭಾದಾಗ ಸಣ್ಣ ಕಣ್ಣಿನ ಬಲಿ ಹೆಚ್ಚಾಗತಾವ. ಬದಾಮಿ ಕಡೆಯಿಂದ ಪಟ್ಟದಕಲ್ಲು, ಐಹೊಳಿ ದಾಟಿ ಕೂಡಲಸಂಗಮದ ಮಟ ದಂಡಿಮ್ಯಾಲಿನ ಅಂಬಿಗರ ಮನಿ ನಡಿಯೋದು ಆ ಮರಿ ದೊಡ್ಡದಾದ ಮ್ಯಾಲೆ. ಒಂದು ರೂಪಾಯಿಗೆ ಡ್ರಮ್ಮಿನಾಗ ಬಂದದ್ದು ಅವರ ಮುಂದಿನ ವರ್ಷದ ಬಲಿಯೊಳಗ ಬೀಳಬೇಕಾದ ಮೀನು. ಬಾಳೆ ಮೀನು ಹೊಳಿಯೊಳಗಿದ್ರ ಕೆಟ್ಟದ್ದಲ್ಲ, ನಮ್ಮ ಹೊಂಡಕ್ಕ ಬಂದ್ರ ಕೆಟ್ಟದ್ದು.

ಹಂಗಾದ್ರ ಮರಿ ಎಲ್ಲಿ ತರೋದು? ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಗೆ ಹೋಗಿ ಮೊದಲ ಹೆಸರು ಬರೆಸ್ರಿ. ಹೊಸಪೇಟಿ ಡ್ಯಾಮಿನಾಗ ತುಂಗಭದ್ರಾ ಮಂಡಳಿಯ ಮೀನು ಫಾರ್ಮೂ ಅದ. ಐದಾರು ಮಂದಿ ಕೂಡಿ ಒಂದ ಗಾಡಿ ಮಾಡಿದ್ರ ಬಾಡಿಗಿ ಹಂಚಿ ಹೋಗತದ. 21ಕ್ಕ 21 ಮೀಟರಿನ ಹೊಂಡ ಅಂದ್ರ 441 ಚದರ ಮೀಟರ್. ಚದರ ಮೀಟರಿಗೆ ಒಂದರಂಗ 400 ಮರಿ ಸಾಕು, ಸಾವಿರ ಬಿಟ್ರ ಯಾವುದೂ ತೂಕ ಬರಂಗಿಲ್ಲ. ನಮ್ಮ ಹೊಂಡದ ನೀರು ಬ್ಯಾಸಗಿ ಮಟ ನಿಲ್ಲಂಗಿಲ್ಲ, ಅದಕ್ಕ ಬೆರಳುದ್ದದ್ದನ್ನ ತರ್ರಿ. ಪ್ಯಾಕೆಟ್ಟು ಹೊಂಡದ ನೀರಿನಾಗ ಇಪ್ಪತ್ತು ನಿಮಿಷ ತೇಲಿಬಿಟ್ಟು, ಬಿಸಿಲಿಳಿದ ಮ್ಯಾಲೆ ಬಾಯಿ ಬಿಚ್ಚ್ರಿ.

ಆ ಹೆಣ್ಣಮಗಳು ಈ ಸಲ ಮತ್ತ ಮರಿ ಬಿಡಾಕತ್ಯಾಳ. ಮೊದಲ ಹೊಂಡ ಪೂರಾ ಒಣಗಿಸಿ, ಒಂದೂ ಬಾಳೆ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡಾಳ. ಬಿಳೇ ಬುಟ್ಟಿ ನಮ್ಮ ಮನಿಯಾಗ ಅದ. ಬೇಕಾದವರು ಒಯ್ಯಿರಿ, ತಿರುಗಿ ತಂದಿಡ್ರಿ.